ಎಂಟನೆಯ ತರಗತಿಯ ಭೂತಗಳು

ಭೂತಪ್ರೇತಗಳಿಗೆ ಹೆದರದ ಧೀರರು ಲೋಕದಲ್ಲಿ ಇರಬಹುದು. ಹದಿಮೂರು ವರ್ಷದ ಮಕ್ಕಳು ತುಂಬಿ ಕುಳಿತಿರುವ ಕೊಠಡಿಯೊಳಕ್ಕೆ, ಹಬ್ಬದ ಹಿಂದಿನ ದಿನದ ಕಡೆಯ ಗಂಟೆಯಲ್ಲಿ, ಎದೆ ಡವಗುಟ್ಟದೆ ಕಾಲಿಟ್ಟ ಉಪಾಧ್ಯಾಯರನ್ನು ಮಾತ್ರ ನಾವು ಇದುವರೆಗೆ ಕಂಡಿಲ್ಲ. ೩೫ ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟವರಾದುದರಿಂದ ಈ ಮಾತನ್ನು ಹೇಳುವ ಅಧಿಕಾರ ನಮಗಿದೆಯೆಂದು ಭಾವಿಸುತ್ತೇವೆ. ಹೀಗಿರುವಲ್ಲಿ, ಅದೇ ವಯಸ್ಸಿನ ಮಕ್ಕಳಿಗೆ ತಾವಾಗಿಯೇ ಭೂತದ ವೇಷವನ್ನು ಹಾಕಿಸಿ, ಹಗಲು ಶಾಲೆಗೂ ಇರುಳು ಬೀದಿಗೂ ಬಿಡುವ ದೇಶವೊಂದಿದೆ ಎಂದು ಕೇಳಿದಾಗ, ಅಲ್ಲಿಯ ಉಪಾಧ್ಯಾಯರ ಧೈರ್ಯಕ್ಕೆ ಮೆಚ್ಚಬೇಕೋ ಮತಿಗೆ ಮರುಗಬೇಕೋ ತಿಳಿಯದೆ ಹೋಯಿತು. ಆ ಉಪಾಧ್ಯಾಯರಲ್ಲಿ ನಮ್ಮ ಮಗಳೂ ಒಬ್ಬಳು.

ಅವಳು ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನದ ಒಂದು ಮಿಡಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ೨೦೨೪ ನೆಯ ಇಸವಿಯ ಶರತ್ಕಾಲವನ್ನು ನಾವು ದಂಪತಿಗಳು ಅವಳ ಮನೆಯಲ್ಲಿ ಕಳೆದೆವು. ಮಿಡಲ್ ಸ್ಕೂಲೆಂದರೆ ಆರು, ಏಳು, ಎಂಟನೆಯ ತರಗತಿಗಳ ಶಾಲೆ. ಹನ್ನೊಂದರಿಂದ ಹದಿನಾಲ್ಕರವರೆಗಿನ ಮಕ್ಕಳನ್ನು ಚಿಕ್ಕವರಿಂದಲೂ ದೊಡ್ಡವರಿಂದಲೂ ಬೇರ್ಪಡಿಸಿ ಒಂದೆಡೆ ಕೂಡಿಹಾಕಿರುತ್ತಾರೆ. ನಮ್ಮ ಆಲಂಕಾರಿಕರು ವಯಃಸಂಧಿಯೆಂದು ಕರೆದ ಕಾಲ ಇದು. ಅವರು ಅದನ್ನು ನಾಯಿಕೆಯ ವರ್ಣನೆಗೆ ಮಾತ್ರ ಬಳಸಿಕೊಂಡು ಬಿಟ್ಟರು. ಶಾಲೆಯಲ್ಲಿ ಪಾಠ ಹೇಳಿದ್ದರೆ ಇನ್ನಷ್ಟು ವಿಸ್ತರಿಸುತ್ತಿದ್ದರು. ಸಂಧಿಯಾದಲ್ಲಿ ಲೋಪಾಗಮಾದೇಶಗಳು ತಪ್ಪಿದ್ದಲ್ಲವಷ್ಟೆ. ಕೆನ್ನೆಯ ನುಣುಪು ಲೋಪವಾಗುತ್ತದೆ. ಮೇಲ್ದುಟಿಯ ಮೇಲೆ ಒಂದು ಕರಿಯ ಗೆರೆ ಆಗಮವಾಗಿ ಬರುತ್ತದೆ. ಕೋಗಿಲೆಯಂತಿದ್ದ ಕಂಠಕ್ಕೆ ಕಪ್ಪೆಯದು ಆದೇಶವಾಗುತ್ತದೆ. ಇದಕ್ಕೆಲ್ಲ ಸೂತ್ರವನ್ನು ಮಾತ್ರ ಯಾರೂ ಬರೆದಿಲ್ಲ.

ಇನ್ನು ಹಬ್ಬದ ವಿಚಾರ. ಅಕ್ಟೋಬರ್ ೩೧ ರ ಇರುಳಿಗೆ ಹ್ಯಾಲೋವಿನ್ ಎಂದು ಹೆಸರು. ಕ್ರೈಸ್ತರಿಗೆ ನವೆಂಬರ್ ೧ ಸರ್ವಸಂತರ ದಿನ. ಅದರ ಹಿಂದಿನ ಸಂಜೆ, ಪುಣ್ಯಪುರುಷರ ಮುನ್ಸಂಜೆ, ಎಂಬುದು ಆ ಪದದ ಅರ್ಥ. ಅದಕ್ಕೂ ಹಿಂದೆ ಐರ್ಲೆಂಡ್ ಸ್ಕಾಟ್ಲೆಂಡುಗಳ ಕೆಲ್ಟಿಕ್ ಜನ, ಸುಗ್ಗಿ ಮುಗಿದು ಚಳಿಗಾಲ ಹೊಗುವ ಈ ಹೊತ್ತಿನಲ್ಲಿಯೇ ಒಂದು ಹಬ್ಬವನ್ನು ಆಚರಿಸುತ್ತಿದ್ದರು; ಸತ್ತವರು ಆ ರಾತ್ರಿ ಮನೆಯ ಕಡೆಗೆ ಬರುತ್ತಾರೆಂಬ ನಂಬಿಕೆ ಅದಕ್ಕೆ ಅಂಟಿಕೊಂಡಿದೆ. ಮಹಾಲಯಪಕ್ಷವನ್ನು ಬಲ್ಲ ನಮಗೆ ಇದು ಅಪರಿಚಿತವಾದ ಭಾವನೆಯಲ್ಲ. ಆ ಹಬ್ಬದ ಹೆಸರನ್ನು ಬರೆಯುವುದು ಬೇರೊಂದು ರೀತಿಯಾದರೂ ಉಚ್ಚರಿಸುವುದು ‘ಸಾವಿನ್’ ಎಂದು. ಇದನ್ನು ಕೇಳಿದೊಡನೆ ನಮ್ಮ ಕಿವಿ ನೆಟ್ಟಗಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಇದು ಕೇವಲ ಶಬ್ದಸಾಮ್ಯ. ಕೆಲ್ಟಿಕ್ ಜನರೆಲ್ಲರೂ ಕನ್ನಡಿಗರೆಂದು ಸಾಧಿಸಲು ಹೊರಡುವ ಉತ್ಸಾಹಿಗಳು ದಯವಿಟ್ಟು ಲೇಖನಿಯನ್ನು ಕೆಳಗಿಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಡತನದಿಂದಲೂ ಕ್ಷಾಮದಿಂದಲೂ ನೊಂದು ಅಮೆರಿಕಾಕ್ಕೆ ವಲಸೆ ಬಂದ ಐರ್ಲೆಂಡಿನವರು ಈ ಹಬ್ಬವನ್ನೂ ಗಂಟಿನಲ್ಲಿ ಕಟ್ಟಿಕೊಂಡು ತಂದರು. ತಮ್ಮ ನಾಡಿನಲ್ಲಿ ಅವರು ಟರ್ನಿಪ್ ಗಡ್ಡೆಯನ್ನು ಕೊರೆದು ವಿಕಾರಮುಖ ಮಾಡಿ ಒಳಗೆ ದೀಪವಿಡುತ್ತಿದ್ದರು. ಇಲ್ಲಿಗೆ ಬಂದಮೇಲೆ ಕುಂಬಳಕಾಯಿ ಕಂಡಿತು. ಗಡ್ಡೆಗಿಂತ ದೊಡ್ಡದು, ಕೊರೆಯಲು ಸುಲಭ. ಅಂದಿನಿಂದ ಆ ಹಬ್ಬಕ್ಕೂ ಕುಂಬಳಕಾಯಿಗೂ ಋಣಾನುಬಂಧ. ಅಕ್ಟೋಬರ್ ತಿಂಗಳಲ್ಲಿ ಆ ಊರಿನ ಬೀದಿಯಲ್ಲಿ ನಡೆದರೆ ಪ್ರತಿ ಮನೆಯ ಮೆಟ್ಟಿಲ ಮೇಲೂ ಕಿತ್ತಳೆ ಬಣ್ಣದ ಕಾಯಿಗಳು ಹಲ್ಲು ಕಿರಿದುಕೊಂಡು ಕುಳಿತಿರುತ್ತವೆ. ನಮ್ಮ ಮನೆಯವರಿಗೆ ಇದನ್ನು ನೋಡಿ ಆದ ಸಂಕಟ ಅಷ್ಟಿಷ್ಟಲ್ಲ. “ಒಂದೊಂದು ಕಾಯಿ ಒಂದು ಮದುವೆಮನೆಯ ಹುಳಿಗೆ ಆಗುತ್ತಿತ್ತಲ್ಲ!” ಎಂದು ದಿನವೂ ಲೆಕ್ಕ ಹಾಕುತ್ತಿದ್ದರು. ಕೊರೆಯುವುದಕ್ಕೆಂದೇ ಬೆಳೆದ ಕಾಯಿ ಸಪ್ಪೆ, ತಿರುಳು ನೀರುನೀರು, ಎಂದು ಮಗಳು ವಿವರಿಸಿದರೂ ಅವರ ಮನಸ್ಸು ಒಪ್ಪಲಿಲ್ಲ.

ಶಾಲೆಯಲ್ಲಿ ಹಬ್ಬದ ತಯಾರಿ ಮೂರು ವಾರ ಮುಂಚೆಯೇ ಮೊದಲಾಯಿತು. ಮೊದಲನೆಯದಾಗಿ ಹೆಡ್ ಮಾಸ್ತರರ ಸುತ್ತೋಲೆ. ಮುಖ ಮುಚ್ಚುವ ಮುಖವಾಡ ಕೂಡದು. ಕತ್ತಿ ಕೊಡಲಿಗಳು ರಟ್ಟಿನವಾದರೂ ಕೂಡದು. ರಕ್ತದ ಬಣ್ಣ ಕೂಡದು. ಯಾವ ಜನಾಂಗವನ್ನೂ ಹಾಸ್ಯ ಮಾಡುವ ವೇಷ ಕೂಡದು. ವೇಷ ತೊಟ್ಟವನು ಕುರ್ಚಿಯಲ್ಲಿ ಕುಳಿತು ಬರೆಯಲು ಶಕ್ತನಾಗಿರಬೇಕು. ಈ ಕಡೆಯ ನಿಯಮವನ್ನು ಬರೆದವರು ಅನುಭವಸ್ಥರೆಂದು ನಮಗೆ ಆಗಲೇ ತೋರಿತು. ಏತಕ್ಕೆಂದರೆ ಗಾಳಿ ತುಂಬಿದರೆ ಉಬ್ಬುವ ರಾಕ್ಷಸಗಾತ್ರದ ಹಲ್ಲಿಯ ವೇಷವೊಂದು ಅಲ್ಲಿ ಬಲು ಜನಪ್ರಿಯ. ಹಿಂದಿನ ವರ್ಷ ಅದನ್ನು ಧರಿಸಿ ಬಂದ ಹುಡುಗನೊಬ್ಬ ಗಣಿತದ ಕೊಠಡಿಯ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗಿದ್ದವರು ಹೊರಕ್ಕೂ ಹೊರಗಿದ್ದವರು ಒಳಕ್ಕೂ ಹೋಗಲಾರದೆ, ಹತ್ತು ನಿಮಿಷಗಳ ಬೀಜಗಣಿತ ನಷ್ಟವಾಗಿತ್ತಂತೆ. ಆ ಹತ್ತು ನಿಮಿಷಕ್ಕಾಗಿ ತರಗತಿಯಲ್ಲಿ ಯಾರೂ ಕಣ್ಣೀರಿಟ್ಟಂತೆ ಮಗಳಿಗೆ ನೆನಪಿಲ್ಲ.

ಕಣ್ಣೀರಿಡುವ ಪ್ರಸಂಗವೇ ಬೇರೆ. ಈ ವಯಸ್ಸಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ವೇಷ ಹಾಕುವುದಿಲ್ಲ. ಐದಾರು ಮಂದಿ ಕೂಡಿ ಒಂದು ಕಟ್ಟು ಮಾಡಿಕೊಂಡು, ಒಬ್ಬಳು ಕೆಂಪು ಬಣ್ಣದ ಕಡ್ಡಿ, ಒಬ್ಬಳು ನೀಲಿ, ಒಬ್ಬಳು ಹಸುರು, ಹೀಗೆ ಹಂಚಿಕೊಳ್ಳುತ್ತಾರೆ. ಹಂಚಿಕೆ ಮುಗಿಯುವ ಹೊತ್ತಿಗೆ ಯಾವಳೋ ಒಬ್ಬಳಿಗೆ ಬಣ್ಣ ಉಳಿದಿರುವುದಿಲ್ಲ. ನಿನ್ನೆಯವರೆಗೆ ಗೆಳತಿಯಾಗಿದ್ದವಳು ಇಂದು ಪೆಟ್ಟಿಗೆಯ ಹೊರಗೆ. ಅಕ್ಟೋಬರ್ ತಿಂಗಳ ಕಡೆಯ ವಾರದಲ್ಲಿ, ಮಕ್ಕಳಿಗೆ ಸಮಾಧಾನ ಹೇಳಲೆಂದೇ ನೇಮಕವಾಗಿರುವ ಸಲಹೆಗಾರರ ಕೊಠಡಿಯ ಮುಂದೆ ಸಾಲು ನಿಲ್ಲುತ್ತದೆಂದು ಮಗಳು ಹೇಳಿದಾಗ ನಾವು ನಗಲಿಲ್ಲ. ರಾಜ್ಯ ಕಳೆದುಕೊಂಡವರ ದುಃಖವನ್ನು ಮಹಾಕಾವ್ಯಗಳಲ್ಲಿ ಓದಿಸಿದ್ದೇವೆ. ಹನ್ನೆರಡನೆಯ ವಯಸ್ಸಿನಲ್ಲಿ ಬಣ್ಣದ ಕಡ್ಡಿಯ ಸ್ಥಾನ ಕಳೆದುಕೊಂಡವಳ ದುಃಖ ಅದಕ್ಕಿಂತ ಕಡಿಮೆಯದೆಂದು ತೂಗಿ ಹೇಳುವ ತಕ್ಕಡಿ ನಮ್ಮಲ್ಲಿಲ್ಲ.

ಆ ವರ್ಷ ಒಂದು ವಿಶೇಷ ಒದಗಿತು. ಅಕ್ಟೋಬರ್ ೩೧, ಗುರುವಾರ, ನಮಗೆ ನರಕಚತುರ್ದಶಿ. ಬೆಳಗಿನ ಜಾವ ಎಣ್ಣೆನೀರು, ಸಂಜೆ ಭೂತಗಳು. ನರಕಾಸುರನ ವಧೆಯಾದ ದಿನವೇ ಅವನ ಪರಿವಾರವೆಲ್ಲ ಚಾಕೊಲೆಟ್ ಕೇಳಲು ಹೊರಟಿತೆಂದು ನಾವು ಹಾಸ್ಯ ಮಾಡಿದೆವು. ಮಗಳ ಶಾಲೆಗೆ ರಜೆಯಿರಲಿಲ್ಲ. ಅಭ್ಯಂಜನ ಮುಗಿಸಿ, ತಲೆ ಆರುವ ಮೊದಲೇ, ಅವಳು ಕರಿಯ ರಟ್ಟಿನ ಒಂದು ದುಂಡು ಬಿಲ್ಲೆಯನ್ನು ಎದೆಗೆ ಕಟ್ಟಿಕೊಂಡು ಹೊರಟು ನಿಂತಳು.

“ಇದು ಯಾವ ಭೂತ, ಮಗು?” ಎಂದು ಕೇಳಿದೆವು.

“ನಾನು ದಶಾಂಶಬಿಂದು, ಅಪ್ಪ” ಎಂದಳು.

ಗಣಿತದ ಉಪಾಧ್ಯಾಯರು ನಾಲ್ವರು ಕೂಡಿ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವಾದ ಪೈ ಆಗುವುದೆಂದು ನಿಶ್ಚಯಿಸಿದ್ದರಂತೆ. ಒಬ್ಬರು ೩, ಒಬ್ಬರು ೧, ಒಬ್ಬರು ೪; ಕಿರಿಯಳಾದ ನಮ್ಮ ಮಗಳಿಗೆ ಬಿಂದುಪದವಿ. ಚಿಕ್ಕ ಸ್ಥಾನವಲ್ಲ: ಅವಳು ನೀರು ಕುಡಿಯಲು ಆಚೆ ಹೋದರೆ ಉಳಿದ ಮೂವರ ಬೆಲೆ ೩೧೪ ಕ್ಕೆ ಏರಿಬಿಡುತ್ತದೆ. ಊಟದ ವೇಳೆಯಲ್ಲಿ ನಾಲ್ವರೂ ಚೆದುರಿ ೪೧.೩ ಆಗಿ ಕುಳಿತಿದ್ದುದನ್ನು ಆರನೆಯ ತರಗತಿಯ ಹುಡುಗಿಯೊಬ್ಬಳು ಎತ್ತಿ ತೋರಿಸಿದಳಂತೆ. ಆ ಒಂದು ಮಾತಿಗಾಗಿ ದಿನವಿಡೀ ಬಿಲ್ಲೆ ಹೊತ್ತಿದ್ದು ಸಾರ್ಥಕವಾಯಿತೆಂದಳು ಮಗಳು.

ಕಡೆಯ ಗಂಟೆಯಲ್ಲಿ ವೇಷಗಳ ಮೆರವಣಿಗೆ. ಅದನ್ನು ನೋಡಲು ಮನೆಯ ಹಿರಿಯರಿಗೂ ಅವಕಾಶವಿತ್ತು. ನಾವು ಹಬ್ಬದ ದಿನವೆಂದು ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ಹೆಗಲ ಮೇಲೆ ಜರಿಯಂಚಿನ ಶಲ್ಯ, ಇಷ್ಟನ್ನು ಧರಿಸಿ ಹೋದೆವು. ಆ ತಿಂಗಳು ಆ ಸೀಮೆಯಲ್ಲಿ ಮಳೆಯ ಹನಿಯೇ ಇಲ್ಲದಂತಾಗಿ, ಕಾಲಕ್ಕೆ ಸಲ್ಲದ ಸೆಕೆ. ಕೋಟು ಬೆವರಿನಿಂದ ಒದ್ದೆಯಾಗಿತ್ತು. ಕಛೇರಿಯಲ್ಲಿ ನಮ್ಮ ಗುರುತಿನ ಚೀಟಿಯನ್ನು ಪರೀಕ್ಷಿಸಿ, ‘ಸಂದರ್ಶಕರು’ ಎಂಬ ಅರ್ಥದ ಅಂಟುಕಾಗದವನ್ನು ಎದೆಗೆ ಹಚ್ಚಿ ಒಳಕ್ಕೆ ಬಿಟ್ಟರು. ಓಣಿಯಲ್ಲಿ ಎದುರಾದ ಹುಡುಗನೊಬ್ಬ, ರೆಕ್ಕೆ ಕಟ್ಟಿಕೊಂಡ ಬಾವಲಿ, ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮ ವೇಷ ಬಹಳ ಚೆನ್ನಾಗಿದೆ. ಇದು ಯಾರ ವೇಷ?” ಎಂದು ಕೇಳಿದ. ಶಾಲಾ ಮಾಸ್ತರರ ವೇಷ, ೩೫ ವರ್ಷದಿಂದ ಇದನ್ನೇ ಹಾಕುತ್ತಿದ್ದೇವೆ ಎಂದು ನಿಜವನ್ನೇ ಹೇಳಿದೆವು. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಈ ಶಾಲೆಯಲ್ಲೆಲ್ಲ ನಿಮ್ಮದೇ ಹೆಚ್ಚು ಭಯಂಕರ” ಎಂದು ತೀರ್ಪುಕೊಟ್ಟು ಹಾರಿಹೋದ.

ಮೆರವಣಿಗೆಯನ್ನು ನೋಡಿದವರಿಗೆ ವಯಸ್ಸಿನ ಮೆಟ್ಟಿಲುಗಳು ಎದುರಿಗೇ ಕಾಣುತ್ತಿದ್ದುವು. ಆರನೆಯ ತರಗತಿಯವರು ಪೂರ್ಣಮನಸ್ಸಿನಿಂದ ವೇಷಧಾರಿಗಳು: ಮಾಟಗಾತಿ, ಅಸ್ಥಿಪಂಜರ, ಕಡಲುಗಳ್ಳ, ಒಬ್ಬನಂತೂ ಬಟ್ಟೆ ಒಗೆಯುವ ಯಂತ್ರ. ಏಳನೆಯವರು ಆಗಲೇ ಹೇಳಿದ ಕಟ್ಟುಗಳು. ಎಂಟನೆಯ ತರಗತಿ ಬಂದಾಗ ಮೆರವಣಿಗೆ ಮುಗಿದು ಸಾಮಾನ್ಯ ಜನ ಬರುತ್ತಿದ್ದಾರೆಂದು ನಾವು ಎದ್ದು ನಿಂತೆವು. ಮಗಳು ಕೈಸನ್ನೆ ಮಾಡಿ ಕೂರಿಸಿದಳು. ಸೂಕ್ಷ್ಮವಾಗಿ ನೋಡಿದರೆ ಒಬ್ಬಳ ತಲೆಯ ಮೇಲೆ ಎರಡು ಬೆಕ್ಕಿನ ಕಿವಿ, ಒಬ್ಬನ ಅಂಗಿಯ ಮೇಲೆ ‘ಇದೇ ನನ್ನ ವೇಷ’ ಎಂಬ ಬರಹ, ಮತ್ತೊಬ್ಬನ ಕೈಯಲ್ಲಿ ಅವನ ತಂದೆಯ ಹಳೆಯ ಟೋಪಿ. ತಲೆಯ ಮೇಲಲ್ಲ, ಕೈಯಲ್ಲಿ. ವೇಷ ಹಾಕಿದರೆ ಕೂಸೆಂದು ನಕ್ಕಾರು, ಹಾಕದಿದ್ದರೆ ಹಬ್ಬ ತಪ್ಪೀತು. ಆ ಟೋಪಿ ಯಾರಾದರೂ ನೋಡಿದಾಗ ಕೆಳಗಿಳಿಯುತ್ತಿತ್ತು, ಯಾರೂ ನೋಡದಾಗ ತಲೆಗೇರುತ್ತಿತ್ತು. ಇಡೀ ಮೆರವಣಿಗೆಯಲ್ಲಿ ನಾವು ಹೆಚ್ಚು ಹೊತ್ತು ನೋಡಿದ್ದು ಆ ಟೋಪಿಯನ್ನೇ.

ಇರುಳಿನ ಆಚಾರವನ್ನು ವಾಚಕರು ಕೇಳಿಬಲ್ಲರು. ಮಕ್ಕಳು ಮನೆಮನೆಯ ಬಾಗಿಲು ತಟ್ಟಿ, ತಿಂಡಿ ಕೊಡುವಿರೋ ತಂಟೆ ಮಾಡೋಣವೋ ಎಂಬ ಅರ್ಥದ ಘೋಷಣೆ ಮಾಡುತ್ತಾರೆ. ಮನೆಯವರು ಮಿಠಾಯಿ ಕೊಡುತ್ತಾರೆ. ಈಗ ತಂಟೆಯ ಭಾಗ ಬರಿಯ ಮಾತಿಗೆ ಉಳಿದಿದೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. ದೊಡ್ಡ ಹುಡುಗರು ಬೇಲಿಯ ಬಾಗಿಲುಗಳನ್ನು ಕಿತ್ತೊಯ್ಯುವುದು, ಕಿಟಕಿ ಒಡೆಯುವುದು, ಬಂಡಿಯನ್ನು ಸೂರಿನ ಮೇಲೆ ಏರಿಸುವುದು, ಇದೇ ಅವರ ಹಬ್ಬ. ಅಯೋವಾ ಸಂಸ್ಥಾನದ ಡೆ ಮಾಯಿನ್ ನಗರದಲ್ಲಿ ಪೋಲೀಸರಿಗೆ ಬಂದ ದೂರುಗಳು ಮಿತಿಮೀರಿ, ೧೯೩೮ ರಲ್ಲಿ ಅಲ್ಲಿಯ ಆಟದ ಬಯಲುಗಳ ಮೇಲ್ವಿಚಾರಣೆ ನೋಡುವವರು ಒಂದು ಉಪಾಯ ಹೂಡಿದರು: ಹಬ್ಬದ ಹಿಂದಿನ ರಾತ್ರಿಯನ್ನು ‘ಭಿಕ್ಷುಕರ ರಾತ್ರಿ’ಯೆಂದು ಕರೆದು, ಹಾಡನ್ನೋ ಒಗಟನ್ನೋ ನಗೆಮಾತನ್ನೋ ಹೇಳಿದ ಮಗುವಿಗೆ ಮಾತ್ರ ತಿಂಡಿ ಎಂದು ಗೊತ್ತುಮಾಡಿದರು. ಕಲ್ಲೆಸೆಯುವ ಕೈಗೆ ಒಗಟನ್ನು ಕೊಟ್ಟ ಆ ಪುಣ್ಯಾತ್ಮರು ಯಾವ ಶಾಲೆಗಾದರೂ ಹೆಡ್ ಮಾಸ್ತರರಾಗಲು ಯೋಗ್ಯರು. ಅಲ್ಲಿಯ ಮಕ್ಕಳು ಇಂದಿಗೂ ಬಾಗಿಲಲ್ಲಿ ನಗೆಮಾತು ಹೇಳಿಯೇ ಮಿಠಾಯಿ ಪಡೆಯುತ್ತಾರೆ.

ನ್ಯೂಜೆರ್ಸಿಯಲ್ಲಿ ಮಾತ್ರ ಹಿಂದಿನ ರಾತ್ರಿ ತಂಟೆಗೇ ಮೀಸಲು. ಮರಗಳಿಗೆ ಶೌಚದ ಕಾಗದದ ಸುರುಳಿಯನ್ನು ತೋರಣ ಕಟ್ಟುವುದು, ಗೋಡೆಗೆ ಮೊಟ್ಟೆ ಎಸೆಯುವುದು, ಇವು ಆ ರಾತ್ರಿಯ ಕಾರ್ಯಕ್ರಮ. ಅಂದು ಮಗಳು ಕುಂಬಳಕಾಯಿಗಳನ್ನು ಒಳಗೆ ತಂದಿಟ್ಟಳು. ನಮ್ಮ ನಾಡಿನಲ್ಲಿ ಕಾಮನ ಹಬ್ಬಕ್ಕೆ ಇದೇ ವಯಸ್ಸಿನ ವೀರರು ಸೌದೆ, ಬೆರಣಿ, ಮುರುಕು ಬಂಡಿಯ ಗಾಲಿ ಎಲ್ಲವನ್ನೂ ಕದ್ದು ಸುಡುವುದನ್ನು ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ. ನಮ್ಮ ಶಾಲೆಯ ಮುರಿದ ಬೆಂಚೊಂದು ಹೀಗೆಯೇ ಸದ್ಗತಿಯನ್ನು ಪಡೆಯಿತು. ಮರುದಿನ ತರಗತಿಯಲ್ಲಿ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿನೋಡಿಕೊಂಡ ಎಂಬ ಗಾದೆಗೆ ಅರ್ಥ ಹೇಳುತ್ತಿದ್ದಾಗ ಏಳು ಮಂದಿ ತಲೆ ತಗ್ಗಿಸಿದರು. ಲೆಕ್ಕ ಸರಿಹೋಯಿತೆಂದು ನಾವು ಮುಂದಿನ ಗಾದೆಗೆ ಹೋದೆವು.

ಆದರೆ ಎಷ್ಟು ವಯಸ್ಸಿನವರೆಗೆ ಈ ಭಿಕ್ಷೆ? ಇಲ್ಲಿಯೇ ಆ ದೇಶದ ಹಿರಿಯರು ಗೊಂದಲಕ್ಕೆ ಬಿದ್ದಿರುವುದು. ವರ್ಜೀನಿಯಾ ಸಂಸ್ಥಾನದ ಚೆಸಪೀಕ್ ನಗರದವರು ೧೯೭೦ ರಲ್ಲಿ ಒಂದು ಶಾಸನವನ್ನೇ ಮಾಡಿದರು: ಹನ್ನೆರಡು ವರ್ಷ ಮೀರಿದವರು ಹ್ಯಾಲೋವಿನ್ ತಿಂಡಿಗೆ ಬಾಗಿಲು ತಟ್ಟಿದರೆ ೨೫ ರಿಂದ ೧೦೦ ಡಾಲರುಗಳವರೆಗೆ ದಂಡ, ಅಥವಾ ಆರು ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ! ಹದಿಮೂರರ ಹುಡುಗನೊಬ್ಬ ಒಂದು ಚಾಕೊಲೆಟ್ಟಿಗಾಗಿ ಆರು ತಿಂಗಳ ಸಜಾ ಅನುಭವಿಸುವ ಚಿತ್ರವನ್ನು ಕಣ್ಮುಂದೆ ತಂದುಕೊಳ್ಳಬೇಕು. ದೇಶವೆಲ್ಲ ನಗಲಾರಂಭಿಸಿದ ಮೇಲೆ, ೨೦೧೯ ರಲ್ಲಿ, ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ ಸೆರೆಮನೆಯನ್ನು ತೆಗೆದುಹಾಕಿದರು. ಬಾಲ್ಯ ಇಂಥ ದಿನ ಮುಗಿಯಿತೆಂದು ನಗರಸಭೆ ನಿರ್ಣಯಿಸಬಹುದೆಂಬ ನಂಬಿಕೆ ಮಾತ್ರ ಅಲ್ಲಿ ಹಾಗೆಯೇ ಉಳಿದಂತೆ ಕಾಣುತ್ತದೆ.

ಅಂದು ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದ. ನಮ್ಮ ಮನೆಯವರು ಲಕ್ಷ್ಮೀಪೂಜೆ ಮುಗಿಸಿ, ಹೊಸ್ತಿಲ ಎರಡು ಬದಿಗೂ ಮಣ್ಣಿನ ಹಣತೆಗಳ ಸಾಲನ್ನಿಟ್ಟರು. ಪಕ್ಕದಲ್ಲಿ ಕುಂಬಳಕಾಯಿ ಹಲ್ಲು ಬಿಟ್ಟುಕೊಂಡು ಉರಿಯುತ್ತಿತ್ತು. ಆರು ವರ್ಷದ ನಮ್ಮ ಮೊಮ್ಮಗಳು ಜೇನುನೊಣವಾಗಿ ತಂದೆಯ ಕೈ ಹಿಡಿದು ಹೋದಳು. ಆ ಹೊತ್ತಿನಲ್ಲಿ ಬೀದಿಯ ತುಂಬ ಅಂಥ ಪುಟ್ಟ ಪ್ರಾಣಿಗಳೇ. ಪ್ರತಿ ಬಾಗಿಲಲ್ಲೂ ಅವಕ್ಕೆ ಮುದ್ದು, ಹೊಗಳಿಕೆ, ಹಿಡಿತುಂಬ ಮಿಠಾಯಿ. ಏಳೂವರೆಯ ಮೇಲೆ ಪುಟ್ಟವರು ಮನೆ ಸೇರಿದರು; ದೊಡ್ಡವರು ಹೊರಬಿದ್ದರು. ಎದುರುಮನೆಯ ಮೆಟ್ಟಿಲನ್ನು ನಾಲ್ವರು ಹುಡುಗರು ಹತ್ತಿದ್ದನ್ನು ಕಂಡೆವು. ಬಾಗಿಲು ತೆರೆದ ಯಜಮಾನರು ಅವರಲ್ಲಿ ಎತ್ತರದವನನ್ನು ನೋಡಿ, “ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಏತಕ್ಕೆ? ದುಡಿದು ತಿನ್ನಬಾರದೆ?” ಎಂದರು. ಬಾಗಿಲು ಮುಚ್ಚಿತು. ಎತ್ತರದ ಹುಡುಗ ಮುಖವಾಡವನ್ನು ನೆತ್ತಿಗೆ ಸರಿಸಿ, ಬರಿದಾದ ದಿಂಬಿನ ಗವಸನ್ನು ಕೈಗೆ ಸುತ್ತಿಕೊಂಡು, ಉಳಿದವರಿಗಿಂತ ಎರಡು ಹೆಜ್ಜೆ ಹಿಂದೆ ಬೀದಿ ದಾಟಿದ. ಸೊಂಟ ಬಗ್ಗಿಸಿ ನಡೆಯುತ್ತಿದ್ದ. ಗಿಡ್ಡನಾಗಿ ಕಾಣಲೆಂದೋ ಏನೋ.

ನಮ್ಮ ಬಾಗಿಲನ್ನು ಮಗಳೇ ತೆರೆದಳು. ಹುಡುಗ ಅವಳನ್ನು ನೋಡಿದ. ನೋಡಿದೊಡನೆ ಮುಖವಾಡವನ್ನು ಸರಕ್ಕನೆ ಕೆಳಕ್ಕೆಳೆದುಕೊಂಡ. ಅದು ಹಸುರು ರಬ್ಬರಿನ ಪಿಶಾಚಿಯ ಮುಖ.

“ಅಯ್ಯೋ, ನೀನು ಯಾವ ಲೋಕದವನಪ್ಪ?” ಎಂದಳು ಮಗಳು, ಎದೆಯ ಮೇಲೆ ಕೈಯಿಟ್ಟುಕೊಂಡು.

“ಪಾತಾಳ” ಎಂದಿತು ಪಿಶಾಚಿ. ಗಡುಸಾಗಿ ಆರಂಭವಾದ ಆ ಪದ ಎರಡನೆಯ ಅಕ್ಷರದಲ್ಲಿ ಬಿರುಕುಬಿಟ್ಟು ಕೀರಲಾಯಿತು.

“ಅಲ್ಲಿ ಶಾಲೆಗಳಿವೆಯೆ?”

“ಇಲ್ಲ.”

“ಪುಣ್ಯವಂತರು!” ಎಂದು ಹೇಳಿ ಅವಳು ಎಲ್ಲರಿಗೂ ಒಂದೊಂದು ಹಿಡಿ, ಪಿಶಾಚಿಗೆ ಎರಡು ಹಿಡಿ ಹಾಕಿದಳು. ನಮ್ಮ ಮನೆಯವರು ಎರಡು ಕೋಡುಬಳೆಗಳನ್ನೂ ಸೇರಿಸಿದರು. ಹೋಗುವ ಸಂಭ್ರಮದಲ್ಲಿ ಆ ಪಿಶಾಚಿ ತಿರುಗಿ ನಿಂತು, ನಮ್ಮ ಅಳಿಯಂದಿರ ಮನೆತನದ ಹೆಸರಿನಿಂದಲೇ ಮಗಳನ್ನು ಸಂಬೋಧಿಸಿ ವಂದನೆ ಹೇಳಿತು. ಪಾತಾಳದಲ್ಲಿ ಆ ಹೆಸರು ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ.

ಬಾಗಿಲು ಹಾಕಿದ ಮೇಲೆ ಮಗಳು ಗೋಡೆಗೆ ಒರಗಿ ಸದ್ದಿಲ್ಲದೆ ನಕ್ಕಳು. ಒಂದು ಹಸುರು, ಒಂದು ಬಿಳಿ, ಬೇರೆಬೇರೆ ಲಾಡಿ ಕಟ್ಟಿದ ಬೂಟುಗಳಿಂದಲೇ ಗುರುತು ಸಿಕ್ಕಿತಂತೆ. ಎಂಟನೆಯ ತರಗತಿ, ಕಡೆಯ ಸಾಲು, ಕಿಟಕಿಯ ಪಕ್ಕ. ಹದಿನೇಳರವನಂತೆ ಕಂಡರೂ ಇನ್ನೂ ಹದಿಮೂರು ತುಂಬಿ ಎರಡು ತಿಂಗಳಾಗಿದೆ; ಬೇಸಗೆಯ ರಜೆಯಲ್ಲಿ ಒಂದೇ ಸಮನೆ ಗೇಣುದ್ದ ಬೆಳೆದುಬಿಟ್ಟ. ಸೆಪ್ಟೆಂಬರಿನಿಂದ ಎಲ್ಲರೂ ಅವನನ್ನು ದೊಡ್ಡವನೆಂದು ಬೈಯುತ್ತಾರೆ. ಅವನು ಇನ್ನೂ ದೊಡ್ಡವನಾಗಿಲ್ಲ, ಉದ್ದವಾಗಿದ್ದಾನೆ ಅಷ್ಟೆ, ಎಂದಳು. ಮೂರು ವಾರದಿಂದ ಒಂದು ಮನೆಲೆಕ್ಕವನ್ನೂ ತಂದಿಲ್ಲವೆಂಬುದನ್ನೂ ಹೇಳಿದಳು. “ಮತ್ತೆ ಎರಡು ಹಿಡಿ ಏತಕ್ಕೆ ಕೊಟ್ಟೆ?” ಎಂದು ಅವರಮ್ಮ ಕೇಳಿದರೆ, “ಲೆಕ್ಕ ತರದವನು ನನ್ನ ವಿದ್ಯಾರ್ಥಿ, ಅಮ್ಮ. ಈಗ ಬಂದದ್ದು ಪಾತಾಳದವನಲ್ಲವೆ?” ಎಂದಳು. ಮುಂದಿನ ವರ್ಷಕ್ಕೆ ಅವನು ಪ್ರೌಢಶಾಲೆಯವನು. ಆಗ ಅವನಾಗಿಯೇ ಬರುವುದಿಲ್ಲವಂತೆ, ಯಾರೂ ಬರುವುದಿಲ್ಲವಂತೆ. ಎಂಟರ ಮೇಲೆ ಅವಳು ಹೊರಗಿನ ದೀಪವನ್ನು ಆರಿಸಿದಳು. ತಿಂಡಿ ಮುಗಿಯಿತೆಂಬುದಕ್ಕೆ ಅಲ್ಲಿ ಅದೇ ಗುರುತು. ಹಣತೆಗಳನ್ನು ಮಾತ್ರ ಆರಿಸಲು ನಮ್ಮ ಮನೆಯವರು ಬಿಡಲಿಲ್ಲ. ಅವನ್ನು ನೋಡಿ ಮತ್ತೆ ಮೂವರು ಭೂತಗಳು ಬಂದುವು. ಮಿಠಾಯಿ ತೀರಿದ್ದರಿಂದ ಅವಕ್ಕೆ ಕೋಡುಬಳೆಯೇ ಗತಿಯಾಯಿತು.

ಮರುದಿನ ನವೆಂಬರ್ ೧, ಶುಕ್ರವಾರ. ನಮಗೆ ರಾಜ್ಯೋತ್ಸವ, ಕ್ರೈಸ್ತರಿಗೆ ಸರ್ವಸಂತರ ದಿನ, ಆ ದೇಶದ ಶಾಲೆಗಳಿಗೆಲ್ಲ ಅಜೀರ್ಣದ ದಿನ. ಮೊದಲ ಗಂಟೆಯಲ್ಲಿ ಅರ್ಧ ತರಗತಿ ನಿದ್ದೆ, ಮೂರನೆಯ ಗಂಟೆಯಲ್ಲಿ ಅದೇ ಅರ್ಧ ಸಕ್ಕರೆಯ ಮದದಿಂದ ಮೇಜು ಹತ್ತುವ ಸ್ಥಿತಿ. ಊಟದ ಶಾಲೆಯಲ್ಲಿ ಪೇಟೆಯ ವ್ಯಾಪಾರ: ಕಡಲೆಕಾಯಿ ಬೆಣ್ಣೆ ತುಂಬಿದ ಒಂದು ಚಾಕೊಲೆಟ್ಟಿಗೆ ಮೂರು ಹುಳಿ ಮಿಠಾಯಿ, ಒಣದ್ರಾಕ್ಷಿಯ ಪೆಟ್ಟಿಗೆಯನ್ನು ಬಿಟ್ಟಿ ಕೊಟ್ಟರೂ ಕೊಳ್ಳುವವರಿಲ್ಲ. ಭಿನ್ನರಾಶಿಯನ್ನು ಒಂದು ತಿಂಗಳು ಬಡಿದರೂ ತಲೆಗೆ ಹತ್ತದವರು ಅಲ್ಲಿ ಎರಡೂವರೆಗೆ ಮೂರರಂತೆ ಲೆಕ್ಕ ತಪ್ಪದೆ ವಿನಿಮಯ ಮಾಡುತ್ತಿದ್ದರೆಂದು ಮಗಳು ಸಂಜೆ ಬಂದು ವರದಿ ಮಾಡಿದಳು. ಪಾತಾಳದವನ ಸಮಾಚಾರವೇನೆಂದು ಕೇಳಿದೆವು. ತರಗತಿಯಲ್ಲಿ ಅವನೂ ಅವಳೂ ಹಿಂದಿನ ರಾತ್ರಿ ಒಬ್ಬರನ್ನೊಬ್ಬರು ಕಂಡವರಂತೆ ತೋರಿಸಿಕೊಳ್ಳಲಿಲ್ಲವಂತೆ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವನೊಬ್ಬನೇ ಮೇಜಿನ ಹತ್ತಿರ ಬಂದು, ಆ ಉಪ್ಪಿನ ಬಳೆಗಳಿಗೆ ಏನೆಂದು ಹೆಸರು, ಎಲ್ಲಿ ಸಿಕ್ಕುತ್ತವೆ, ಎಂದು ನೆಲ ನೋಡುತ್ತ ಕೇಳಿದ. ನಮ್ಮ ಮನೆಯವರು ಅಂದೇ ರಾತ್ರಿ ಒಂದು ಡಬ್ಬಿ ತುಂಬಿಟ್ಟರು. ಸೋಮವಾರ ಅದು ಶಾಲೆಗೆ ಹೋಯಿತು. ಬುಧವಾರ ಡಬ್ಬಿ ತೊಳೆದು ಒರಸಿ ಹಿಂದಕ್ಕೆ ಬಂದಿತು.

ಮನೆಲೆಕ್ಕ ಮಾತ್ರ ಬಂದಿರಲಿಲ್ಲ.